ಪರದೇಶಿ ಹಾವಿನ ಊಟದ ಚಿಂತೆ

ನಮ್ಮ ನಾಗರ, ಕೇರೆಗಳನ್ನು ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಆದ್ದರಿಂದಲೇ ನಗರದ ಹವ್ಯಾಸಿಗಳ ಕಣ್ಣು ಪಶ್ಚಿಮ ಆಫ್ರಿಕಾದ ಬಾಲ್ ಪೈಥಾನ್, ಅಮೆರಿಕದ ಕಾರ್ನ್ ಸ್ನೇಕ್‌ಗಳ ಮೇಲೆ. 2022ರ ತಿದ್ದುಪಡಿಯ ಬಳಿಕ, ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳನ್ನು ಇಟ್ಟುಕೊಂಡವರು ಸರ್ಕಾರದಲ್ಲಿ ನೋಂದಾಯಿಸಬೇಕು. ಮೊದಲನೆಯದು ಆ ಪಟ್ಟಿಯಲ್ಲಿದೆ, ಎರಡನೆಯದು ಇಲ್ಲ. ಕಡತಗಳ ನಡುವೆಯೇ ಆಯುಷ್ಯ ಕಳೆದ ನಾನು ನೋಂದಣಿಯನ್ನು ಹಗುರವಾಗಿ ಕಾಣಲಾರೆ. ಆದರೆ ಪ್ರಮಾಣಪತ್ರವು ಹಾವಿನ ಹೊಟ್ಟೆ ತುಂಬಿಸುವುದಿಲ್ಲ.

ನನ್ನ ಪರಿಚಿತರ ಸಸ್ಯಾಹಾರಿ ಮನೆಯೊಂದರಲ್ಲಿ ಬಾಲ್ ಪೈಥಾನ್ ಬಂದಿದೆ. ಅದು ಎರಡು ತಿಂಗಳು ಏನನ್ನೂ ಮುಟ್ಟದಿದ್ದಾಗ ಅಜ್ಜಿ ನಾಗರಪಂಚಮಿಯ ರೂಢಿಯಂತೆ ಹಾಲಿನ ಬಟ್ಟಲಿಟ್ಟರಂತೆ. ಹಾಲು ಯಾವ ಹಾವಿನ ಆಹಾರವೂ ಅಲ್ಲ. ಈ ಜಾತಿಯ ಹಾವು, ಅದರಲ್ಲೂ ಚಳಿಗಾಲದಲ್ಲಿ, ತಿಂಗಳುಗಟ್ಟಲೆ ಉಪವಾಸವಿರುವುದು ಅಪರೂಪವೇನಲ್ಲ. ತೂಕ ಇಳಿಯದಿದ್ದರೆ ಗಾಬರಿ ಬೇಡ. ಪೆಟ್ಟಿಗೆ ತಣ್ಣಗಿದ್ದರೆ ಮಾತ್ರ ನುಂಗಿದ್ದೂ ಜೀರ್ಣವಾಗದು.

ಹಾವಿಗೆ ಬೇಕಾದದ್ದು ಇಡೀ ಪ್ರಾಣಿ. ಮೂಳೆಯಿಂದ ಸುಣ್ಣದಂಶ, ಯಕೃತ್ತಿನಿಂದ ಜೀವಸತ್ವ ದೊರೆಯುವುದರಿಂದ ಬರೀ ಮಾಂಸದ ತುಂಡು ಸಾಲದು. ಅದರ ನಡುಭಾಗದಷ್ಟೇ ದಪ್ಪದ ಇಲಿ ಸರಿಯಾದ ಅಳತೆ. ಮರಿಗೆ ವಾರಕ್ಕೊಂದು, ಬೆಳೆದದ್ದಕ್ಕೆ ಇನ್ನೂ ವಿರಳವಾಗಿ. ಜೀವಂತ ಇಲಿಯನ್ನು ರಾತ್ರಿಯಿಡೀ ಪೆಟ್ಟಿಗೆಯಲ್ಲಿ ಬಿಟ್ಟರೆ, ಹಸಿವಿಲ್ಲದ ಹಾವನ್ನು ಇಲಿಯೇ ಕಚ್ಚಿ ಗಾಯಗೊಳಿಸುತ್ತದೆ. ಹಾಗಾಗಿ ತಿಳಿದವರು ಘನೀಕರಿಸಿದ ಇಲಿಯನ್ನು ಕರಗಿಸಿ, ಬೆಚ್ಚಗೆ ಮಾಡಿ, ಇಕ್ಕಳದಲ್ಲಿ ಹಿಡಿದು ಕೊಡುತ್ತಾರೆ. ಮೊಸರಿನ ಪಾತ್ರೆಯ ಪಕ್ಕ ಅದನ್ನು ಇಡುವುದೆಲ್ಲಿ ಎಂಬುದೇ ಆ ಮನೆಯ ನಿತ್ಯದ ವಾದ!

ಎಲ್ಲ ಹಾವಿಗೂ ಇಲಿಯೇ ಆಹಾರವೆಂದೂ ಅಲ್ಲ. ಅಮೆರಿಕದ ಗಾರ್ಟರ್ ಹಾವು ಎರೆಹುಳು, ಕಪ್ಪೆ, ಮೀನು ತಿನ್ನುತ್ತದೆ. ಅಗ್ಗವೆಂದು ಬರೀ ಗೋಲ್ಡ್‌ಫಿಶ್ ಕೊಟ್ಟರೆ ಆ ಮೀನಿನ ಕಿಣ್ವವೊಂದು ಬಿ1 ಜೀವಸತ್ವವನ್ನು ನಾಶಮಾಡಿ ಹಾವಿಗೆ ಸೆಳೆತ ಬರಿಸಬಹುದು. ಆಫ್ರಿಕಾದ ಮೊಟ್ಟೆತಿನ್ನುವ ಹಾವಿಗೆ ಹಕ್ಕಿಮೊಟ್ಟೆಯ ಹೊರತು ಬೇರೇನೂ ಆಗದು. ನಮ್ಮ ಆಗುಂಬೆಯ ಕಾಳಿಂಗ ಸರ್ಪಕ್ಕಂತೂ ಮುಖ್ಯ ಆಹಾರ ಇತರ ಹಾವುಗಳೇ.

ಅರ್ಥಶಾಸ್ತ್ರ ಓದಿದವನಾಗಿ ನನಗೆ ಇಲಿಯ ಬೆಲೆಗಿಂತ ಅವಧಿಯೇ ದೊಡ್ಡದಾಗಿ ಕಾಣುತ್ತದೆ. ಚೆನ್ನಾಗಿ ಸಾಕಿದರೆ ಬಾಲ್ ಪೈಥಾನ್ ಮೂವತ್ತು ವರ್ಷ ಬದುಕಬಲ್ಲದು. ಅದನ್ನು ಕೊಂಡ ಹುಡುಗ ಮುಂದಿನ ವರ್ಷ ವ್ಯಾಸಂಗಕ್ಕಾಗಿ ವಿದೇಶಕ್ಕೆ ಹೊರಟಿದ್ದಾನೆ. ಪರದೇಶಿ ಪ್ರಾಣಿಯನ್ನು ಕಾಡಿಗೆ ಬಿಡುವಂತಿಲ್ಲ. ಇಲಿ ಕರಗಿಸುವ ಕೆಲಸ ಯಾರದೆಂದು ಅವರಲ್ಲಿ ಇನ್ನೂ ತೀರ್ಮಾನವಾಗಿಲ್ಲ.