ಎಲೆ ಕರೆಯಿತು, ಕಣಜ ಬಂತು

ಮನೆಯ ತಾರಸಿಯಲ್ಲಿ ಎಲೆಕೋಸು ಬೆಳೆದಿದ್ದೀರಾ? ಎಲೆಯಲ್ಲಿ ತೂತು ಕಂಡ ಕೂಡಲೇ ಔಷಧಿ ಹೊಡೆಯಬೇಡಿ!

ವಜ್ರಬೆನ್ನಿನ ಪತಂಗದ ಹುಳು ಎಲೆ ಕಡಿದಾಗ ಗಿಡ ಸುಮ್ಮನಿರುವುದಿಲ್ಲ. ಗಾಯದಿಂದ ಬೇರೆಯದೇ ವಾಸನೆ ಹೊರಡುತ್ತದೆ. ಎಳ್ಳಿನಷ್ಟೇ ಪುಟ್ಟದಾದ ಕೊಟೇಸಿಯಾ ಕಣಜ ಕುಡಿಮೀಸೆಯಿಂದ ಆ ಜಾಡು ಹಿಡಿದು ಬರುತ್ತದೆ. ಹುಳುವಿನ ಮೈಯೊಳಗೇ ಮೊಟ್ಟೆ ಇಡುತ್ತದೆ. ಕಣಜದ ಮರಿ ಒಳಗೇ ಉಂಡು ಬೆಳೆದು ಹೊರಬಂದರೆ ಹುಳುವಿನ ಕಥೆ ಮುಗಿಯಿತು.

ಗಿಡಕ್ಕೆ ಗಾಯ ಮಾಡಿದ್ದು ಹುಳುವೇ ಎಂದು ಹೇಗೆ ಗೊತ್ತು? ಎಂಜಲಿನಿಂದ! 1990ರಲ್ಲಿ ಅಮೆರಿಕದ ವಿಜ್ಞಾನಿಗಳು ಮೆಕ್ಕೆಜೋಳದ ಗಾಯಕ್ಕೆ ಹುಳುವಿನ ಎಂಜಲು ಸವರಿದರು. ಗಿಡ ಕಣಜವನ್ನು ಕರೆಯುವ ವಾಸನೆ ಬಿಟ್ಟಿತು.

ಎಲೆಯ ಮೇಲೆ ಅಕ್ಕಿನುಚ್ಚಿನಂಥ ಬಿಳಿ ಗೂಡು ಕಂಡರೆ ಕೀಳಬೇಡಿ. ಅದು ಕಣಜದ ತೊಟ್ಟಿಲು. ವಿಷ ಹೊಡೆದರೆ ಮೊದಲು ಸಾಯುವುದು ನೆರವಿಗೆ ಬಂದವರೇ.