ಪಟ ತೆಗೆಯುವ ಮುಂಚೆ ಬೆಳಕು ನೋಡಿ

ನಮ್ಮ ನರಿಮೊಗರಿನಲ್ಲಿ ಈಗ ಮನೆಗೊಂದಾದರೂ ಮೊಬೈಲ್ ಉಂಟು. ಮೊಬೈಲಿನಲ್ಲಿ ಕ್ಯಾಮರಾ ಉಂಟು. ಮದುವೆ, ಪೂಜೆ, ಕೋಲ, ಶಾಲೆಯ ವಾರ್ಷಿಕೋತ್ಸವ, ಎಲ್ಲಿ ಹೋದರೂ ಪಟ ತೆಗೆಯುತ್ತೇವೆ. ಆದರೆ ಮನೆಯ ಹಿರಿಯರು ತೀರಿಕೊಂಡಾಗ ನೋಡಿ. ಉತ್ತರಕ್ರಿಯೆಯ ಕಾಗದಕ್ಕೆ ಹಾಕಲು ಒಂದು ಒಳ್ಳೆಯ ಪಟ ಸಿಗುವುದಿಲ್ಲ. ಯಾರದೋ ಮದುವೆಯ ಗುಂಪಿನಿಂದ ಅಜ್ಜಿಯ ಮುಖವನ್ನು ಮಾತ್ರ ಕತ್ತರಿಸಿ ತೆಗೆಯಬೇಕಾಗುತ್ತದೆ. ಪಕ್ಕದವರ ಭುಜ ಅದರಲ್ಲಿ ಉಳಿದಿರುತ್ತದೆ. ಮತ್ತೆ ಅದೇ ಪಟ ಚೌಕಟ್ಟಿನೊಳಗೆ ಸೇರಿ ವರ್ಷಗಟ್ಟಲೆ ಗೋಡೆಯಲ್ಲಿ ಇರುತ್ತದೆ.

ಯಾಕೆ ಹೀಗೆ? ಅಜ್ಜಿಯ ಪಟ ಯಾರೂ ತೆಗೆಯಲಿಲ್ಲ ಅಂತಲ್ಲ. ತೆಗೆದದ್ದು ಉಂಟು. ಅದರಲ್ಲಿ ಮುಖ ಕಾಣುವುದಿಲ್ಲ, ಅಷ್ಟೆ.

“ನಾನು ಕಪ್ಪು, ನನ್ನ ಪಟ ಚಂದ ಬರುವುದಿಲ್ಲ” ಎನ್ನುವವರನ್ನು ನಾವು ಸಾಕ್ಷರತಾ ತರಗತಿಯಲ್ಲೇ ಕಂಡಿದ್ದೇವೆ. ಕ್ಯಾಮರಾ ಕಂಡ ಕೂಡಲೇ ಸೆರಗು ಎಳೆದುಕೊಂಡು ಹಿಂದೆ ಸರಿಯುತ್ತಾರೆ. ಅಕ್ಕಂದಿರೇ, ತಪ್ಪು ಮುಖದ್ದಲ್ಲ. ಬೆಳಕಿನದು. ಬೆಳಕನ್ನು ಸರಿ ಮಾಡಲು ದುಡ್ಡು ಸುರಿಯಬೇಕಾಗಿಲ್ಲ. ಒಂದು ಬಿಳಿ ಬೈರಾಸು, ಒಂದು ಮುಂಡು, ಒಂದು ಕನ್ನಡಿ, ಒಂದು ಕಂಬಳಿ ಸಾಕು. ಇವು ಎಲ್ಲರ ಮನೆಯಲ್ಲೂ ಇರುತ್ತವೆ.

ಮೊದಲು ಕ್ಯಾಮರಾದ ಗುಣ ತಿಳಿಯೋಣ. ಕ್ಯಾಮರಾ ಎಂದರೆ ಬೆಳಕು ಹಿಡಿಯುವ ಪೆಟ್ಟಿಗೆ. ನಮ್ಮ ಕಣ್ಣಿನಷ್ಟು ಜಾಣತನ ಅದಕ್ಕಿಲ್ಲ. ನೀವು ಚಾವಡಿಯ ಒಳಗೆ ನಿಂತು ಬಾಗಿಲಿನ ಕಡೆ ನೋಡಿ. ಹೊರಗಿನ ಅಂಗಳವೂ ಕಾಣುತ್ತದೆ, ಬಾಗಿಲಲ್ಲಿ ನಿಂತವರ ಮುಖವೂ ಕಾಣುತ್ತದೆ. ಕ್ಯಾಮರಾಕ್ಕೆ ಎರಡೂ ಒಟ್ಟಿಗೆ ಆಗುವುದಿಲ್ಲ. ಅಂಗಳದ ಬಿಸಿಲು ಕಂಡ ಕೂಡಲೇ “ಬೆಳಕು ಹೆಚ್ಚಾಯಿತು” ಎಂದು ಅದು ಎಲ್ಲವನ್ನೂ ತಗ್ಗಿಸುತ್ತದೆ. ಅಂಗಳ ಚಂದ ಬರುತ್ತದೆ. ಮುಖ ಮಸಿ ಆಗುತ್ತದೆ. ಬೆಳ್ಳಗಿನವರು ನಿಂತರೂ ಮಸಿಯೇ.

ಇದಕ್ಕೆ ಮದ್ದು ಬಹಳ ಸುಲಭ. ತಿರುಗಿ ನಿಲ್ಲಿ. ಅಜ್ಜಿ ಜಗಲಿಯ ಅಂಚಿನಲ್ಲಿ, ಮಾಡಿನ ನೆರಳಿನಲ್ಲಿ ಕುಳಿತು ಅಂಗಳದ ಕಡೆ ನೋಡಲಿ. ನೀವು ಅಂಗಳಕ್ಕೆ ಇಳಿದು ಪಟ ತೆಗೆಯಿರಿ. ಬಿಸಿಲು ಅಜ್ಜಿಯ ಮೇಲೆ ಬೀಳಬಾರದು. ಆಕಾಶದ ಬೆಳಕು ಬಿದ್ದರೆ ಸಾಕು. ಬೆಳಿಗ್ಗೆ ಎಂಟು ಒಂಬತ್ತು ಗಂಟೆ, ಇಲ್ಲವೇ ಸಂಜೆ ನಾಲ್ಕರ ಮೇಲೆ ಒಳ್ಳೆಯದು. ಅಡಿಕೆ ಒಣಗಲು ಹಾಕಿದ ಅಂಗಳವಾದರೆ ಬಿಸಿಲು ನೆಲಕ್ಕೆ ಬಡಿದು ಜಗಲಿಯ ಒಳಗೂ ಬರುತ್ತದೆ.

ಬಿಸಿಲಿನಲ್ಲೇ ಯಾಕೆ ನಿಲ್ಲಿಸಬಾರದು ಎಂದು ಕೇಳಬಹುದು. ಸೂರ್ಯ ದೊಡ್ಡವನು ನಿಜ. ಆದರೆ ಬಹಳ ದೂರ ಇದ್ದಾನೆ. ಹಾಗಾಗಿ ನಮಗೆ ಒಂದು ತಟ್ಟೆಯಷ್ಟೇ ಕಾಣುತ್ತಾನೆ. ಚಿಕ್ಕದಾಗಿ ಕಾಣುವ ಬೆಳಕು ಚೂಪಾದ ನೆರಳು ಹಾಕುತ್ತದೆ. ಮೂಗಿನ ನೆರಳು ತುಟಿಯ ಮೇಲೆ ಬೀಳುತ್ತದೆ. ಕಣ್ಣು ಹೊಂಡದ ಹಾಗೆ ಕಾಣುತ್ತದೆ. ಮೋಡ ಬಂದರೆ ಎಂತ ಆಗುತ್ತದೆ? ಇಡೀ ಆಕಾಶವೇ ದೀಪ ಆಗುತ್ತದೆ. ದೊಡ್ಡ ಬೆಳಕಿನಲ್ಲಿ ನೆರಳು ಕರಗುತ್ತದೆ. ಮಳೆಗಾಲ ಪಟಕ್ಕೆ ಆಗದು ಎನ್ನುವವರು ಉಂಟು. ನಾವು ಒಪ್ಪುವುದಿಲ್ಲ. ಜೂನ್ ಜುಲೈಯಲ್ಲಿ ಮಳೆ ಸ್ವಲ್ಪ ಹೊಳವಾದಾಗ ಜಗಲಿಯಲ್ಲಿ ಕುಳಿತವರ ಮುಖ ನೋಡಿ. ಅದಕ್ಕಿಂತ ಒಳ್ಳೆಯ ಬೆಳಕು ಬೇರೆ ಬೇಡ.

ಮನೆಯೊಳಗೆ ಕಿಟಕಿಯೇ ದೀಪ. ಕಿಟಕಿಯಿಂದ ಬಿಸಿಲು ನೇರ ಬಂದರೆ ಅದಕ್ಕೆ ಒಂದು ತೆಳು ಬಿಳಿ ಮುಂಡು ಕಟ್ಟಿ. ಆಗ ಕಿಟಕಿಯಷ್ಟು ದೊಡ್ಡ ಬಿಳಿ ದೀಪ ಆಯಿತು. ಅಜ್ಜಿಯನ್ನು ಕಿಟಕಿಗೆ ಪಕ್ಕ ಮಾಡಿ ಕೂರಿಸಿ. ಮುಖದ ಒಂದು ಬದಿ ಬೆಳಗುತ್ತದೆ. ಇನ್ನೊಂದು ಬದಿ ಕತ್ತಲೆ.

ಈ ಕತ್ತಲೆಗೆ ಏನು ಮಾಡುವುದು? ಒಂದು ಪ್ರಯೋಗ ಮಾಡೋಣ. ಈಗಲೇ ಮಾಡಿ. ಕಿಟಕಿಯ ಹತ್ತಿರ ಎಡಗೈ ಮುಷ್ಟಿ ಹಿಡಿಯಿರಿ. ಒಂದು ಬದಿಯಲ್ಲಿ ನೆರಳು ಕಾಣುತ್ತದಲ್ಲವೇ? ಆ ಬದಿಗೆ ಈ ಪುಸ್ತಕವನ್ನು ಬಿಡಿಸಿ ಹತ್ತಿರ ತನ್ನಿ. ನೆರಳು ಕಡಿಮೆ ಆಯಿತು. ದೂರ ಮಾಡಿ. ನೆರಳು ಪುನಃ ಬಂತು. ಬಿಳಿ ಹಾಳೆ ಬೆಳಕನ್ನು ಹಿಂದಕ್ಕೆ ಕಳುಹಿಸುತ್ತದೆ. ಅಜ್ಜಿಯ ಮುಖಕ್ಕೂ ಇಷ್ಟೇ ಕೆಲಸ. ಕತ್ತಲೆಯ ಬದಿಗೆ ಒಬ್ಬರು ಬಿಳಿ ಬೈರಾಸನ್ನು ಬಿಡಿಸಿ ಹಿಡಿಯಲಿ. ಟಿವಿ, ಮಿಕ್ಸಿಯ ಪೆಟ್ಟಿಗೆಯಲ್ಲಿ ಬರುವ ಥರ್ಮೋಕೋಲ್ ಇದ್ದರೆ ಇನ್ನೂ ಒಳ್ಳೆಯದು. ಹಳೆ ಕ್ಯಾಲೆಂಡರಿನ ಬೆನ್ನೂ ಆಗುತ್ತದೆ. ಪೇಟೆಯ ಸ್ಟುಡಿಯೋದವರು ಬಿಳಿ ಕೊಡೆ ಬಿಡಿಸಿ ಇಡುತ್ತಾರಲ್ಲ, ಅದೂ ಬೆಳಕನ್ನು ದೊಡ್ಡದು, ಮೆತ್ತನೆಯದು ಮಾಡುವುದಕ್ಕೇ.

ಬಣ್ಣದ ವಿಷಯದಲ್ಲಿ ಮಾತ್ರ ಜಾಗ್ರತೆ. ಬಿಳಿ ಬಟ್ಟೆ ಬಿಳಿ ಬೆಳಕು ಕೊಡುತ್ತದೆ. ಕೆಂಪು ಬಟ್ಟೆ ಕೆಂಪು ಕೊಡುತ್ತದೆ. ಸಾರಣೆ ಮಾಡದ ಕೆಂಪು ಕಲ್ಲಿನ ಗೋಡೆಯ ಬದಿಯಲ್ಲಿ ನಿಂತರೆ ಕೆನ್ನೆಗೆ ಕೆಂಪು ಬರುತ್ತದೆ. ಮಳೆಗಾಲದಲ್ಲಿ ಅಂಗಳಕ್ಕೆ ನೀಲಿ ಟರ್ಪಾಲು ಕಟ್ಟುತ್ತೇವೆ. ಅದರ ಅಡಿಯಲ್ಲಿ ತೆಗೆದ ಮದುವೆ ಪಟ ನೋಡಿ. ಮದುಮಗಳಿಂದ ಭಟ್ಟರವರೆಗೆ ಎಲ್ಲರೂ ನೀಲಿ! ಅಡಿಕೆ ತೋಟದೊಳಗೂ ಕಷ್ಟವೇ. ಸೋಗೆಯ ಎಡೆಯಿಂದ ಬಿಸಿಲು ಚುಕ್ಕಿ ಚುಕ್ಕಿಯಾಗಿ ಬೀಳುತ್ತದೆ. ಹಣೆಯ ಮೇಲೆ ಒಂದು ಬಿಳಿ ಚುಕ್ಕಿ, ಕೆನ್ನೆಯ ಮೇಲೆ ಒಂದು. ತೋಟದ ಪಟವೇ ಬೇಕಾದರೆ ತೋಟದ ಬದುವಿನಲ್ಲಿ ನೆರಳು ನೋಡಿ ನಿಲ್ಲಿಸಿ.

ಹಂಚಿನ ಮನೆಯಲ್ಲಿ ಗಾಜಿನ ಹಂಚು ಇರುತ್ತದೆ. ಮಧ್ಯಾಹ್ನ ಅದರಿಂದ ಬೆಳಕು ಕೋಲಿನ ಹಾಗೆ ಇಳಿಯುತ್ತದೆ. ಅಡುಗೆ ಮನೆಯಲ್ಲಾದರೆ ಹೊಗೆ ಸೇರಿ ಆ ಕೋಲು ಕಣ್ಣಿಗೆ ಕಟ್ಟಿದ ಹಾಗೆ ಕಾಣುತ್ತದೆ. ಇಂಥದೇ ಒಂದು ಬೆಳಕಿನ ಕೋಲಿಗಾಗಿ ಹೆಸರಾದವರು ಮೈಸೂರಿನ ವಿ. ಕೆ. ಮೂರ್ತಿಯವರು. 1923ರಲ್ಲಿ ಹುಟ್ಟಿದವರು. ಬೊಂಬಾಯಿಗೆ ಹೋಗಿ ಸಿನಿಮಾಕ್ಕೆ ಕ್ಯಾಮರಾ ಹಿಡಿದರು. 1959ರಲ್ಲಿ ಗುರುದತ್ ಅವರ ‘ಕಾಗಜ್ ಕೆ ಫೂಲ್’ ಎಂಬ ಹಿಂದಿ ಚಿತ್ರ ಬಂತು. ಕಪ್ಪು ಬಿಳುಪಿನ ಚಿತ್ರ. ಅದರ ಒಂದು ಹಾಡಿನಲ್ಲಿ ಕತ್ತಲೆಯ ಸ್ಟುಡಿಯೋದೊಳಗೆ ಮೇಲಿನಿಂದ ದಪ್ಪ ಬೆಳಕು ಇಳಿಯುತ್ತದೆ. ಅಲ್ಲಿ ದೊಡ್ಡ ದೊಡ್ಡ ವಿದ್ಯುತ್ ದೀಪಗಳು ಇದ್ದವು. ಆದರೆ ಆ ಬೆಳಕು ದೀಪದ್ದಲ್ಲ, ಸೂರ್ಯನದು. ಮೂರ್ತಿಯವರು ಎರಡು ದೊಡ್ಡ ಕನ್ನಡಿ ತರಿಸಿದರು. ಒಂದನ್ನು ಹೊರಗೆ ಬಿಸಿಲಿಗೆ ಇಟ್ಟರು. ಅದು ಬಿಸಿಲನ್ನು ಒಳಗೆ ಕಳುಹಿಸಿತು. ಇನ್ನೊಂದನ್ನು ಒಳಗೆ ಎತ್ತರದಲ್ಲಿ ಇಟ್ಟರು. ಅದು ಬೆಳಕನ್ನು ಕೆಳಕ್ಕೆ ತಿರುಗಿಸಿತು. ಅಷ್ಟೇ ಉಪಾಯ! ಅವರಿಗೆ 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಬಂತು. ಸಿನಿಮಾ ಕ್ಯಾಮರಾದವರಿಗೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಕನ್ನಡದಲ್ಲೂ ಅವರು ‘ಹೂವು ಹಣ್ಣು’ ಚಿತ್ರಕ್ಕೆ ಕೆಲಸ ಮಾಡಿದ್ದಾರೆ. 2014ರಲ್ಲಿ ತೀರಿಕೊಂಡರು.

ನಮ್ಮ ಚಾವಡಿಗೂ ಹೀಗೆ ಬಿಸಿಲು ತರಬಹುದು. ಮುಖ ನೋಡುವ ಕನ್ನಡಿಯನ್ನು ಅಂಗಳದ ಬಿಸಿಲಿನಲ್ಲಿ ಓರೆಯಾಗಿ ಇಡಿ. ಬೆಳಕನ್ನು ಒಳಗಿನ ಬಿಳಿ ಗೋಡೆಗೆ ಬಿಡಿ. ಗೋಡೆ ಬೆಳಗಿದರೆ ಕೋಣೆಯೇ ಬೆಳಗುತ್ತದೆ. ಕನ್ನಡಿಯ ಬೆಳಕನ್ನು ನೇರವಾಗಿ ಯಾರ ಮುಖಕ್ಕೂ ಬಿಡಬೇಡಿ. ಕಣ್ಣಿಗೆ ಕೆಟ್ಟದ್ದು. ಗಾಜಿನ ಹಂಚಿನ ಕೆಳಗೆ ಕುಳಿತವರ ಪಟ ತೆಗೆಯುವುದಾದರೆ ಅವರ ಮಡಿಲಲ್ಲಿ ಬಿಳಿ ಮುಂಡು ಹಾಸಿ. ಮೇಲಿನ ಬೆಳಕು ಮುಂಡಿಗೆ ಬಡಿದು ಮುಖಕ್ಕೆ ಏರುತ್ತದೆ. ಕಣ್ಣಿನ ಹೊಂಡ ತುಂಬುತ್ತದೆ.

ರಾತ್ರಿ ಪಟ ತೆಗೆಯುವಾಗ ಮೊಬೈಲಿನ ಫ್ಲ್ಯಾಶ್ ಬೇಡ. ಅದು ಮುಖವನ್ನು ಚಪ್ಪಟೆ ಮಾಡುತ್ತದೆ. ಎಣ್ಣೆ ಬೆವರು ಹೊಳೆಯುತ್ತದೆ. ಹಿಂದಿನ ಗೋಡೆಗೆ ಕಪ್ಪು ನೆರಳು ಬೀಳುತ್ತದೆ. ಒಂಬತ್ತು ವಾಟಿನ ಎಲ್‌ಇಡಿ ಬಲ್ಬು, ಒಂದು ಹೋಲ್ಡರು, ಉದ್ದದ ವಯರು ಇದ್ದರೆ ಬಲ್ಬನ್ನು ಪಕ್ಕದಲ್ಲಿ, ತಲೆಗಿಂತ ಸ್ವಲ್ಪ ಮೇಲೆ ತೂಗಿಸಿ. ಒಂದು ಮೊಳ ದೂರದ ಬಲ್ಬನ್ನು ಎರಡು ಮೊಳಕ್ಕೆ ಸರಿಸಿದರೆ ಬೆಳಕು ಅರ್ಧ ಅಲ್ಲ, ಕಾಲು ಭಾಗಕ್ಕೆ ಇಳಿಯುತ್ತದೆ. ಹಾಗಾಗಿ ಬಲ್ಬು ಹೆಚ್ಚಿಸುವ ಮೊದಲು ಹತ್ತಿರ ತನ್ನಿ. ಒದ್ದೆ ಕೈಯಲ್ಲಿ ವಯರು ಮುಟ್ಟಬೇಡಿ. ಬಲ್ಬಿಗೆ ಬಟ್ಟೆ ಸುತ್ತಬೇಡಿ. ಹಳೆಯ ತಂತಿ ಬಲ್ಬಾದರೆ ಬೆಂಕಿ ಹಿಡಿಯುವುದು ಖಂಡಿತ ಅಂತಲೇ ತಿಳಿಯಿರಿ.

ಬೆಳಕನ್ನು ಕೆಳಗಿನಿಂದ ಕೊಟ್ಟರೆ ಏನಾಗುತ್ತದೆ? ಕೋಲ ನೋಡಿದವರಿಗೆ ಗೊತ್ತು. ಸೂಟೆಯ ಬೆಂಕಿ ಕೆಳಗಿನಿಂದ ಬಿದ್ದಾಗ ಅರದಳ ಹಚ್ಚಿದ ಮುಖ ಮನುಷ್ಯರದ್ದಾಗಿ ಉಳಿಯುವುದಿಲ್ಲ. ಹುಬ್ಬಿನ ನೆರಳು ಹಣೆಗೆ ಏರುತ್ತದೆ. ಹಿಲಾಲಿನ ಕಾಲದ ಯಕ್ಷಗಾನದಲ್ಲಿ ಬಣ್ಣದ ವೇಷ ಬಂದರೆ ಮಕ್ಕಳು ಹೆದರುತ್ತಿದ್ದದ್ದಕ್ಕೆ ಈ ಬೆಳಕೂ ಒಂದು ಕಾರಣ. ಅಲ್ಲಿಗೆ ಅದು ಸರಿ. ಅಜ್ಜಿಯ ಪಟಕ್ಕೆ ಬೇಡ. ದೀಪಾವಳಿಯಲ್ಲಿ ಹಣತೆಯ ಪಟ ತೆಗೆಯುವಾಗ ಮಗಳು ಹಣತೆಯನ್ನು ಎದೆಯ ಮಟ್ಟಕ್ಕಿಂತ ಮೇಲೆ, ಸ್ವಲ್ಪ ಮುಂದೆ ಹಿಡಿಯಲಿ. ಉಳಿದ ದೀಪ ಆರಿಸಿ. ಮೊಬೈಲನ್ನು ಸ್ಟೂಲಿನ ಮೇಲೆ ಚೆಂಬಿಗೆ ಒರಗಿಸಿ ಇಡಿ. ಕೈ ನಡುಗಿದರೆ ಪಟ ಮಸುಕಾಗುತ್ತದೆ.

ಬಿಸಿಲು ಓರೆಯಾದ ಹೊತ್ತಿನಲ್ಲಿ ತೆಂಗಿನ ಮಡಲನ್ನು ಅಡ್ಡ ಹಿಡಿದು ನೋಡಿ. ಸುಣ್ಣದ ಗೋಡೆಯ ಮೇಲೆ ಗೆರೆ ಗೆರೆ ನೆರಳು ಬೀಳುತ್ತದೆ. ರಾತ್ರಿ ಬಲ್ಬಿನ ಮುಂದೆ ಬಿದಿರಿನ ಬುಟ್ಟಿ ಹಿಡಿದರೆ ಬಲೆ ಬಲೆ ನೆರಳು. ಮಕ್ಕಳಿಗೆ ಇದು ಒಂದು ಆಟ. ಅಂಥ ಪಟಗಳೂ ಚಂದವೇ.

ಇನ್ನು ಕಪ್ಪು ಮುಖದ ಮಾತು. ನಮ್ಮ ತರಗತಿಗೆ ಬರುವ ಎಪ್ಪತ್ತು ದಾಟಿದ ಒಬ್ಬರು ಅಮ್ಮನ ಹತ್ತಿರ ಬಹಳ ಒತ್ತಾಯ ಮಾಡಿ ಕುಳ್ಳಿರಿಸಿದೆವು. ಮೊದಲು ಬಿಳಿ ಗೋಡೆಯ ಮುಂದೆ ನೋಡಿದೆವು. ಆಗಲಿಲ್ಲ. ಹಿಂದೆ ಬಿಳಿ ತುಂಬಿದರೆ ಕ್ಯಾಮರಾ ಬೆಳಕು ತಗ್ಗಿಸುತ್ತದೆ ಎಂದು ಆಗಲೇ ಹೇಳಿದೆವಲ್ಲ. ಹಿಂದಕ್ಕೆ ಕಂಬಳಿ ಕಟ್ಟಿದೆವು. ಎಡಕ್ಕೆ ಬಾಗಿಲ ಬೆಳಕು, ಬಲಕ್ಕೆ ಬೈರಾಸು. ಮೊಬೈಲಿನ ಪರದೆಯಲ್ಲಿ ಅವರ ಮುಖದ ಮೇಲೆ ಬೆರಳು ಒತ್ತಿದೆವು. ಹಾಗೆ ಒತ್ತಿದರೆ ಕ್ಯಾಮರಾ ಮುಖಕ್ಕೆ ಬೇಕಾದಷ್ಟು ಬೆಳಕು ತೆಗೆದುಕೊಳ್ಳುತ್ತದೆ. ಪೌಡರು ಹಾಕಲಿಲ್ಲ. ಕೆಲವು ಮೊಬೈಲು ಮುಖವನ್ನು ತಾನಾಗಿ ಬೆಳ್ಳಗೆ, ನುಣ್ಣಗೆ ಮಾಡುತ್ತದೆ. ಅದನ್ನೂ ಬಂದ್ ಮಾಡಿದೆವು. ಪಟದಲ್ಲಿ ಅವರ ಕಪ್ಪು ಕಪ್ಪಾಗಿಯೇ ಬಂತು. ಕೆನ್ನೆಯ ಹೊಳಪು, ಹಣೆಯ ಸುಕ್ಕು, ಮೂಗುತಿಯ ಕಲ್ಲು, ಎಲ್ಲ ಬಂತು. ಅವರು ತುಂಬ ಹೊತ್ತು ನೋಡಿದರು. “ಇದು ನಮ್ಮ ಅಮ್ಮನ ಹಾಗೆಯೇ ಉಂಟು” ಎಂದರು. ಅವರ ಅಮ್ಮನ ಪಟ ಒಂದೂ ಇಲ್ಲವಂತೆ.

ಒಳ್ಳೆಯ ಪಟ ಬಂದರೆ ಮೊಬೈಲಿನಲ್ಲೇ ಬಿಡಬೇಡಿ. ಮೊಬೈಲು ನೀರಿಗೆ ಬಿದ್ದರೆ ಪಟವೂ ಹೋಯಿತು. ಪುತ್ತೂರು ಪೇಟೆಗೆ ಹೋದಾಗ ಸ್ಟುಡಿಯೋದಲ್ಲಿ ಕಾಗದಕ್ಕೆ ಇಳಿಸಿ ತನ್ನಿ. ಹಿಂದಿನ ಬದಿಯಲ್ಲಿ ಹೆಸರು, ಊರು, ವರ್ಷ ನೀವೇ ಬರೆಯಿರಿ. ಮೆತ್ತನೆಯ ಪೆನ್ಸಿಲಿನಲ್ಲಿ ಬರೆಯಿರಿ. ಪೆನ್ನಿನಲ್ಲಿ ಒತ್ತಿ ಬರೆದರೆ ಮುಂದಿನ ಬದಿಗೆ ಗೆರೆ ಏಳುತ್ತದೆ.