ಹಿರಿಯರೊಡನೆ ಉದ್ಯಾನಕ್ಕೆ



ನಿಮ್ಮಲ್ಲಿ ಹಲವರ ಮನೆಗಳಲ್ಲಿ ಊರಿನಿಂದ ಬಂದು ನೆಲೆಸಿದ ಅಜ್ಜ ಅಜ್ಜಿಯರಿದ್ದಾರೆ. ಊರಿನಲ್ಲಿ ಅವರಿಗೆ ಅಂಗಳವಿತ್ತು, ತೋಟವಿತ್ತು, ಗದ್ದೆಯ ಬದುವಿತ್ತು. ಈ ಮುಂಬಯಿಯಲ್ಲಿ ಅವರ ಪಾಲಿಗೆ ಉಳಿದಿರುವುದು ಒಂದು ಕೋಣೆ, ಒಂದು ಕಿಟಕಿ. ಮೆಟ್ಟಿಲುಗಳಿಗೂ ಬೀದಿಯ ಗದ್ದಲಕ್ಕೂ ಅಂಜಿ ಅವರು ಎಷ್ಟೋ ದಿನ ಹೊರಗೆ ಕಾಲಿಡುವುದೇ ಇಲ್ಲ. ನಡೆಯದ ಕಾಲು ಬಲಗುಂದುತ್ತದೆ. ಬಲಗುಂದಿದ ಕಾಲು ನಡೆಯಲು ಮತ್ತಷ್ಟು ಅಂಜುತ್ತದೆ. ಈ ಸುತ್ತಿನಿಂದ ಅವರನ್ನು ಹೊರಕ್ಕೆ ತರಲು ಇರುವ ಸುಲಭೋಪಾಯಗಳಲ್ಲಿ ಮರಗಳ ನೆರಳಿನ ನಿಧಾನ ನಡಿಗೆಯೂ ಒಂದು. ವಯಸ್ಸಾದವರೂ ವಾರಕ್ಕೆ ೧೫೦ ನಿಮಿಷವಾದರೂ ಮಧ್ಯಮ ಶ್ರಮದ ದೈಹಿಕ ಚಟುವಟಿಕೆಯಲ್ಲಿರಬೇಕು, ಅಷ್ಟು ಆಗದವರು ಕೈಲಾದಷ್ಟನ್ನು ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೦ರಲ್ಲಿ ಹೇಳಿದೆ.

ಆದರೆ ಹಿರಿಯರನ್ನು ಕರೆದೊಯ್ಯುವುದಕ್ಕೂ ಒಂದು ಕ್ರಮವಿದೆ. ಅದನ್ನು ನಾನು ತಪ್ಪು ಮಾಡಿ ಕಲಿತೆನು. ಊರಿನಿಂದ ಬಂದ ನನ್ನ ತಾಯಿಯವರನ್ನು ಒಮ್ಮೆ ಉದ್ಯಾನವೊಂದಕ್ಕೆ ಕರೆದೊಯ್ದಿದ್ದೆ. ಎಲ್ಲವನ್ನೂ ತೋರಿಸಬೇಕೆಂಬ ಉತ್ಸಾಹದಲ್ಲಿ ನಾನು ಮುಂದೆ ಮುಂದೆ ನಡೆದೆ. ಅವರು ಅಲ್ಲಲ್ಲಿ ನಿಂತು, “ಮಗಾ, ಈ ಮರ ಚಂದ ಉಂಟು, ಸ್ವಲ್ಪ ನೋಡುವ” ಎನ್ನುತ್ತಿದ್ದರು. ಮರದಲ್ಲಿ ಅಂತಹ ವಿಶೇಷವೇನೂ ಇರಲಿಲ್ಲ. ಅವರಿಗೆ ಮೊಣಕಾಲು ನೋಯುತ್ತಿತ್ತು. ಕುಳಿತುಕೊಳ್ಳಲು ಒಂದು ಕಲ್ಲುಬೆಂಚೂ ಹತ್ತಿರವಿರಲಿಲ್ಲ. ಮನೆಗೆ ಮರಳಿ ಅವರು ಕಾಲಿಗೆ ಎಣ್ಣೆ ತಿಕ್ಕಿಕೊಳ್ಳುವಾಗಲೇ ನನಗೆ ಅದು ಅರ್ಥವಾದದ್ದು. ಹಿರಿಯರು ದಣಿವನ್ನು ಬಾಯಿಬಿಟ್ಟು ಹೇಳುವುದು ಅಪರೂಪ. ಅದನ್ನು ನಾವೇ ಅರಿಯಬೇಕು.

ಮುಪ್ಪಿನ ಶರೀರದ ಕೆಲವು ಸಂಗತಿಗಳನ್ನು ತಿಳಿದಿದ್ದರೆ ಇದು ಸುಲಭ. ಬಿಸಿಲಿನಿಂದ ನೆರಳಿಗೆ ಬಂದಾಗ ನಮ್ಮ ಕಣ್ಣು ಬೇಗನೆ ಹೊಂದಿಕೊಳ್ಳುತ್ತದೆ. ವೃದ್ಧರ ಕಣ್ಣಿಗೆ ಹೆಚ್ಚು ಹೊತ್ತು ಬೇಕು. ಆದುದರಿಂದ ನೆರಳಿನ ಅಂಚಿನಲ್ಲಿ ಒಂದಿಷ್ಟು ನಿಲ್ಲಬೇಕು. ಕುಳಿತಿದ್ದವರು ಥಟ್ಟನೆ ಎದ್ದರೆ ರಕ್ತದ ಒತ್ತಡವಿಳಿದು ತಲೆ ತಿರುಗಬಹುದು. ಎದ್ದು ನಿಂತು, ಸುಧಾರಿಸಿಕೊಂಡು ಹೆಜ್ಜೆಯಿಡಲಿ. ವಯಸ್ಸಾದಂತೆ ಬಾಯಾರಿಕೆಯ ಅರಿವು ಕುಂದುತ್ತದೆ. ಕೇಳುವ ಮೊದಲೇ ನೀರು ಕೊಡಿರಿ.

ಹೋಗುವ ಸ್ಥಳವನ್ನು ನೀವು ಮೊದಲೊಮ್ಮೆ ನೋಡಿ ಬರುವುದು ಉತ್ತಮ. ದ್ವಾರದಲ್ಲಿ ಮೆಟ್ಟಿಲುಗಳಿವೆಯೆ, ಇಳಿಜಾರು ದಾರಿಯಿದೆಯೆ? ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿಗಿಂತ ಕಡಿಮೆ ಉದ್ದವಿರುವ ಇಳಿಜಾರು ಗಾಲಿಕುರ್ಚಿಗೆ ಕಡಿದಾಗುತ್ತದೆ. ಜಲ್ಲಿ, ಮೇಲೆದ್ದ ಬೇರು, ಪಾಚಿ ಇವು ಊರುಗೋಲಿನ ವೈರಿಗಳು. ಬೆಂಚುಗಳ ನಡುವೆ ಎಷ್ಟು ಹೆಜ್ಜೆಗಳೆಂಬುದನ್ನು ಎಣಿಸಿರಿ. ಶೌಚಾಲಯ ಎಲ್ಲಿದೆಯೆಂದು ತಿಳಿದಿರಿ. ಎಷ್ಟೋ ಹಿರಿಯರು ಹೊರಗೆ ಬರಲು ಒಪ್ಪದಿರುವುದು ಈ ಒಂದು ಸಂಕೋಚದಿಂದಲೇ.

ನಮ್ಮ ನಗರದಲ್ಲಿ ತಕ್ಕ ಸ್ಥಳಗಳಿಲ್ಲದಿಲ್ಲ. ಭಾಯಖಳಾದ ರಾಣಿಬಾಗ್, ಎಂದರೆ ಇಂದಿನ ವೀರಮಾತಾ ಜೀಜಾಬಾಯಿ ಭೋಸಲೆ ಉದ್ಯಾನ, ೧೮೬೨ರಲ್ಲಿ ತೆರೆದದ್ದು. ಅಲ್ಲಿನ ನೆಲ ಬಹುಮಟ್ಟಿಗೆ ಸಮತಟ್ಟು. ಮರಗಳು ಹಳೆಯವು, ನೆರಳು ದಟ್ಟ. ಪ್ರಾಣಿಗಳಿರುವ ಕಡೆ ರಜಾದಿನಗಳಲ್ಲಿ ನೂಕುನುಗ್ಗಲು. ಸಾಮಾನ್ಯವಾಗಿ ಬುಧವಾರ ಉದ್ಯಾನಕ್ಕೆ ಬಿಡುವು. ಕಾಡಿನ ನಡಿಗೆ ಬೇಕೆನ್ನುವವರಿಗೆ ಮಲಬಾರ್ ಹಿಲ್‌ನಲ್ಲಿ ಕಮಲಾ ನೆಹರು ಉದ್ಯಾನದ ಬಳಿ ೨೦೨೫ರ ಮಾರ್ಚಿಯಲ್ಲಿ ತೆರೆದ ಮರದ ಹಲಗೆಯ ಕಾಲುದಾರಿಯಿದೆ. ಸುಮಾರು ೪೮೦ ಮೀಟರು ಉದ್ದದ ಆ ದಾರಿ ನೆಲದಿಂದ ಮೇಲೆ, ಮರಗಳ ನಡುವೆಯೇ ಸಾಗುತ್ತದೆ. ಬೇರು ಕಲ್ಲುಗಳನ್ನು ಎಡಹುವ ಭಯವಿಲ್ಲ. ಹಲಗೆ ಒದ್ದೆಯಾಗಿರುವ ಮಳೆಗಾಲದಲ್ಲಿ ಮಾತ್ರ ಎಚ್ಚರವಿರಲಿ.

ಇಂತಹ ನಡಿಗೆಯಿಂದ ಲಾಭ ಹಿರಿಯರಿಗೆ ಮಾತ್ರವೆಂದು ತಿಳಿಯಬೇಡಿರಿ. ನಿಮ್ಮ ನೆರೆಹೊರೆಯ ಮಾತಿನಿಂದ ನೀವು ಮರಗಳನ್ನು ಮರಾಠಿ ಹೆಸರುಗಳಿಂದ ಬಲ್ಲಿರಿ. ನೀವು ‘ಬಹಾವಾ’ ಎನ್ನುವುದು ಅಜ್ಜಿಗೆ ಕಕ್ಕೆ, ‘ಪಳಸ’ ಎನ್ನುವುದು ಮುತ್ತುಗ, ‘ಕೈಲಾಸಪತಿ’ ನಾಗಲಿಂಗ, ಮಹಾರಾಷ್ಟ್ರದ ರಾಜ್ಯಪುಷ್ಪವಾದ ‘ತಾಮ್ಹಣ’ ಹೊಳೆದಾಸವಾಳ. ಕೋಣೆಯಲ್ಲಿ ಕುಳಿತಾಗ ಈ ಹೆಸರುಗಳು ಅವರ ಬಾಯಿಗೆ ಬರುವುದಿಲ್ಲ, ಮರ ಕಣ್ಣಿಗೆ ಬಿದ್ದಾಗ ಬರುತ್ತವೆ. ಮುತ್ತುಗದ ಎಲೆ ಕಂಡರೆ ಊಟದೆಲೆ ಹಚ್ಚಿದ ಕಥೆ ಬರುತ್ತದೆ. ಪಠ್ಯಪುಸ್ತಕದಲ್ಲಿಲ್ಲದ ಈ ಕನ್ನಡವನ್ನು ಅವರಲ್ಲದೆ ನಿಮಗೆ ಮತ್ತಾರು ಕಲಿಸಬೇಕು?

ಮುಂದಿನ ಬಿಡುವಿನ ದಿನ ಬೆಳಗ್ಗೆ, ಬಿಸಿಲೇರುವ ಮೊದಲು, ಅಜ್ಜಿಯನ್ನೋ ಅಜ್ಜನನ್ನೋ ಕರೆದುಕೊಂಡು ಹೊರಡಿರಿ. ನೀವು ಅವರ ಕೈ ಹಿಡಿದು ಎಳೆಯಬೇಡಿರಿ. ನಿಮ್ಮ ತೋಳನ್ನು ಅವರೇ ಹಿಡಿದುಕೊಳ್ಳಲಿ. ನಡಿಗೆಯ ವೇಗ ಅವರದಾಗಲಿ. ಅವರು ಒಂದು ಮರದ ಮುಂದೆ ನಿಂತು “ಸ್ವಲ್ಪ ನೋಡುವ” ಎಂದಾಗ ಮೊದಲು ಬೆಂಚನ್ನು ಹುಡುಕಿರಿ. ಅವರು ಕುಳಿತ ಮೇಲೆ ಆ ಮರದ ಹೆಸರನ್ನು ಕೇಳಿರಿ.